ಹೊಂಡದಿಂದ ಕಡಲಿಗೆ

ಮಹಾಕೂಟಕ್ಕೆ ಹೋದವರು ಅಲ್ಲಿಯ ವಿಷ್ಣು ಪುಷ್ಕರಣಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂಡದೆ ಹಿಂದಿರುಗುವುದು ಅಪರೂಪ. ಸುತ್ತ ಗುಡ್ಡ, ಗಿಡಮರ, ಚಾಲುಕ್ಯರ ಕಾಲದ ಗುಡಿಗಳು. ನಡುವೆ ಒರತೆಯ ತಿಳಿನೀರು. ಬೇಸಗೆಯಲ್ಲಿ ಸುತ್ತಲಿನ ನೆಲವೆಲ್ಲ ಕಾದು ಹೆಂಚಾದಾಗಲೂ ಈ ಹೊಂಡದ ನೀರು ತಣ್ಣಗಿರುತ್ತದೆ. ಸುತ್ತಲಿನ ಊರುಗಳ ಹುಡುಗರು ಮೆಟ್ಟಿಲ ಮೇಲಿಂದ ಧುಮುಕಿ ಈಜು ಕಲಿಯುವುದನ್ನು ಯಾರೂ ನೋಡಬಹುದು.

ಈ ದಂಡೆಯ ಮೇಲೆಯೇ ಒಬ್ಬ ತಾಯಿ ನನಗೊಂದು ಪ್ರಶ್ನೆ ಹಾಕಿದರು. ಕಡಲಿನಲ್ಲಿ ನಾನು ಕೆಲವು ವರ್ಷ ಹುಟ್ಟು ಹಾಕಿದವನೆಂದು ಜೊತೆಯವರು ಹೇಳಿದ್ದೇ ಅದಕ್ಕೆ ಕಾರಣ.

"ನಮ್ಮ ಹುಡುಗ ಈ ಹೊಂಡದಾಗ ಈಜ ಕಲತಾನ್ರೀ. ಈಗ ಮಂಗಳೂರಾಗ ಓದಾಕ ಹೋಗ್ಯಾನ. ಸಣ್ಣ ದೋಣಿ ತಗೊಂಡು ಸಮುದ್ರದಾಗ ದಿನಗಟ್ಟಲೆ ಹೋಗೋ ಪಂದ್ಯ ಅದಾವಂತ, ಅದಕ್ಕ ತಯಾರಿ ಮಾಡ್ತೀನಿ ಅಂತಾನ. ಈಜು ಬರತದಲ್ಲ, ಹೋಗು ಅನ್ನಲ್ಯೊ, ಬ್ಯಾಡ ಅನ್ನಲ್ಯೊ?"

ಹೋಗು ಎಂದಾಗಲಿ ಬೇಡ ಎಂದಾಗಲಿ ಹೇಳುವ ಅಧಿಕಾರ ನನಗಿರಲಿಲ್ಲ. "ಅವ್ವಾ, ಊರಿಗೆ ಬಂದಾಗ ಅವನಿಗೆ ಮೂರು ಪ್ರಶ್ನೆ ಕೇಳ್ರಿ. ದೋಣಿ ಮಗುಚಿದರ ಏನ್ ಮಾಡ್ತೀ? ಕಡಲನ್ನ ಓದಾಕ ಬರತದೇನು? ಯಾವಾಗ ಹಿಂದಿರುಗಿ ಬರತೀ? ಮೂರಕ್ಕೂ ನೆಟ್ಟಗ ಉತ್ತರ ಕೊಟ್ಟರ ಆಮ್ಯಾಲ ಮಾತಾಡೂನು" ಎಂದೆ. ಆ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಯಾವುದೆಂದು ಅವರು ತಿರುಗಿ ಕೇಳಿದಾಗ ಹೊತ್ತು ಮುಳುಗುತ್ತ ಬಂದಿತ್ತು. ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿಮಾಡುತ್ತೇನೆ. ಕಡಲು ಕಾಣದ ಊರುಗಳಿಂದ ಕಡಲತೀರದ ಕಾಲೇಜುಗಳಿಗೆ ಮಕ್ಕಳನ್ನು ಕಳಿಸಿದ ಬೇರೆ ಮನೆಗಳಿಗೂ ಇದು ಉಪಯೋಗವಾದೀತು.

ಬಾದಾಮಿಯ ನೆಲಕ್ಕೂ ಕಡಲಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಪಶ್ಚಿಮದ ಕಡಲು ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 200 ಕಿಲೋಮೀಟರು. ನಮ್ಮ ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಆ ಕಡಲು ಐವತ್ತು ಕಿಲೋಮೀಟರಿನಷ್ಟೇ ದೂರ. ಆದರೂ ಹೊಳೆ ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿದು, ಪಟ್ಟದಕಲ್ಲು ಐಹೊಳೆಗಳನ್ನು ಸುತ್ತಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೊಳೆ ಕಡಲನ್ನು ಮರೆತರೂ ಇಲ್ಲಿಯ ಅರಸರು ಮರೆಯಲಿಲ್ಲ. ಮಹಾಕೂಟದ ಸ್ತಂಭದ ಮೇಲೆ 602ರಲ್ಲಿ ಶಾಸನ ಬರೆಸಿದ ಮಂಗಳೇಶನು ರೇವತೀದ್ವೀಪವನ್ನು ಗೆದ್ದನೆಂದು ಐಹೊಳೆಯ ಮೇಗುತಿ ಗುಡಿಯ ಶಾಸನ ಹೇಳುತ್ತದೆ. ಗೋವೆಯ ಉತ್ತರಕ್ಕಿರುವ ಇಂದಿನ ರೇಡಿಯೇ ಆ ರೇವತೀದ್ವೀಪವೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ತರುವಾಯ ಬಂದ ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು 634ರ ಅದೇ ಶಾಸನದಲ್ಲಿ ರವಿಕೀರ್ತಿ ವರ್ಣಿಸಿದ್ದಾನೆ. ಬಯಲುಸೀಮೆಯವರು ಕಡಲಿಗೆ ಇಳಿಯುವುದು ಇದೇ ಮೊದಲಲ್ಲ ಎಂದಾಯಿತು. ಆದರೆ ಅರಸನ ಬೆನ್ನಿಗೆ ನೂರಾರು ನಾವೆಗಳಿದ್ದುವು. ಈ ಹುಡುಗ ಹೋಗುವುದು ಒಬ್ಬನೇ, ಅದೂ ಸೊಂಟದಷ್ಟು ಅಗಲದ ದೋಣಿಯಲ್ಲಿ.

ಆ ದೋಣಿಯ ಹೆಸರು ಕಯಾಕ್. ಉತ್ತರ ಧ್ರುವದ ಸುತ್ತಿನ ಹಿಮನಾಡಿನ ಇನೂಯಿಟ್ ಜನರು ಸೀಲ್ ಎಂಬ ಕಡಲಪ್ರಾಣಿಯನ್ನು ಬೇಟೆಯಾಡಲು ಇದನ್ನು ಕಟ್ಟಿಕೊಂಡರು. ಅಲ್ಲಿ ಮರ ಬೆಳೆಯುವುದಿಲ್ಲ. ತೆರೆಗಳು ದಡಕ್ಕೆ ತಂದು ಹಾಕಿದ ಕಟ್ಟಿಗೆಯಿಂದಲೋ ಎಲುಬಿನಿಂದಲೋ ಹಂದರ ಮಾಡಿ, ಅದರ ಮೇಲೆ ಸೀಲಿನ ತೊಗಲನ್ನು ಬಿಗಿದು ಹೊಲಿಯುತ್ತಿದ್ದರು. ಇದನ್ನು ಕೇಳಿದಾಗ ನಮಗೆ ಹರಿಗೋಲು ನೆನಪಾಗಬೇಕು. ಬಿದಿರಿನ ಹೆಣಿಗೆ, ಮೇಲೆ ತೊಗಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪ್ರವಾಸಿ ಡೊಮಿಂಗೊ ಪಾಯಸ್ ಹೊಳೆ ದಾಟಿಸುವ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಎರಡೂ ಕಡೆ ಉಪಾಯ ಒಂದೇ, ಆಕಾರ ಮಾತ್ರ ಬೇರೆ. ಹರಿಗೋಲು ದುಂಡಗಿರುವುದರಿಂದ ಹೆಚ್ಚು ಭಾರ ಹೊರುತ್ತದೆ, ಸುಲಭಕ್ಕೆ ಮಗುಚುವುದಿಲ್ಲ, ಆದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕಯಾಕು ನೀಳವಾಗಿರುವುದರಿಂದ ಬಾಣದಂತೆ ನೇರ ಓಡುತ್ತದೆ, ಆದರೆ ಕೂತವನು ಮೈಮರೆತರೆ ಹೊರಳುತ್ತದೆ.

ಈಗಿನ ಕಡಲ ಕಯಾಕು ಸುಮಾರು ಐದು ಮೀಟರು ಉದ್ದ, ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲ, ಇಪ್ಪತ್ತೈದು ಕಿಲೋಗ್ರಾಮಿನ ಆಚೆ ಈಚೆ ತೂಕ. ಗಾಜುನಾರು ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಮುಂದೆ ಹಿಂದೆ ನೀರು ಹೊಗದ ಕೋಣೆಗಳು. ಸಾಮಾನು ಇಡಲು ಅವೇ ಜಾಗ, ದೋಣಿ ಮುಳುಗದಂತೆ ತೇಲಿಸುವುವೂ ಅವೇ. ನಡುವಿನ ಕುಳಿಯಲ್ಲಿ ಕೂತವನು ತನ್ನ ಸೊಂಟಕ್ಕೂ ಕುಳಿಯ ಅಂಚಿಗೂ ಸೇರಿಸಿ ನೀರುತಡೆಯ ಬಟ್ಟೆಯೊಂದನ್ನು ಬಿಗಿಯುತ್ತಾನೆ. ಎರಡು ತುದಿಗೂ ಅಲಗುಳ್ಳ ಒಂದೇ ಹುಟ್ಟು, ಎಡಕ್ಕೊಮ್ಮೆ, ಬಲಕ್ಕೊಮ್ಮೆ.

ಇಂಥ ದೋಣಿಯಲ್ಲಿ ಎಷ್ಟು ದೂರ ಹೋಗಬಹುದು? ಓಸ್ಕರ್ ಸ್ಪೆಕ್ ಎಂಬ ಜರ್ಮನ್ ತರುಣ 1932ರಲ್ಲಿ ಉಲ್ಮ್ ಪಟ್ಟಣದಿಂದ ಮಡಿಸುವ ಕಯಾಕಿನಲ್ಲಿ ಹೊರಟು, ನಮ್ಮ ಪಶ್ಚಿಮ ತೀರದ ಗುಂಟ ಸಿಂಹಳಕ್ಕೆ ಇಳಿದು, ಏಳು ವರ್ಷಗಳ ಮೇಲೆ 1939ರಲ್ಲಿ ಆಸ್ಟ್ರೇಲಿಯದ ಉತ್ತರದ ದ್ವೀಪವೊಂದನ್ನು ಮುಟ್ಟಿದ. ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿತ್ತು. ಶತ್ರುದೇಶದವನೆಂದು ಅವನನ್ನು ಸೆರೆಯಲ್ಲಿಟ್ಟರು. ನಮ್ಮ ಕಾಲಕ್ಕೆ ಬಂದರೆ, ಮುಂಬಯಿಯ ಕೌಸ್ತುಭ ಖಾಡೆ 2015ರಲ್ಲಿ ಗುಜರಾತಿನಿಂದ ಹೊರಟು ಕನ್ಯಾಕುಮಾರಿಯವರೆಗೆ ಸುಮಾರು 3000 ಕಿಲೋಮೀಟರನ್ನು ಕಯಾಕಿನಲ್ಲಿ ಮುಗಿಸಿದರು. ಕಾರವಾರದಿಂದ ಮಂಗಳೂರಿನ ತನಕದ ನಮ್ಮ ಕರಾವಳಿಯೂ ಅವರ ದಾರಿಯಲ್ಲಿತ್ತು.

ಅವು ಪ್ರವಾಸಗಳು. ಸ್ಪರ್ಧೆಗೆ ಉದಾಹರಣೆಯೆಂದರೆ ಅಮೆರಿಕದ ಫ್ಲಾರಿಡಾದಲ್ಲಿ 2001ರಲ್ಲಿ ಪ್ರಾರಂಭವಾದ ಎವರ್‌ಗ್ಲೇಡ್ಸ್ ಚಾಲೆಂಜ್. ಟ್ಯಾಂಪಾ ಕೊಲ್ಲಿಯಿಂದ ಕೀ ಲಾರ್ಗೊ ದ್ವೀಪದವರೆಗೆ ಸುಮಾರು 300 ಮೈಲಿ, ಅಂದರೆ 480 ಕಿಲೋಮೀಟರು. ಎಂಟು ದಿನಗಳಲ್ಲಿ ಮುಗಿಸಬೇಕು. ನಡುವೆ ಮೂರು ಠಾಣೆಗಳುಂಟು. ಆದರೆ ಹಿಂದೆ ರಕ್ಷಣೆಯ ದೋಣಿ ಬರುವುದಿಲ್ಲ. ಅನ್ನ, ಹಾಸಿಗೆ, ದೀಪ, ಔಷಧ ಎಲ್ಲವೂ ತನ್ನ ದೋಣಿಯಲ್ಲಿಯೇ. ನಮ್ಮ ಹುಡುಗನ ಕನಸು ಈ ಜಾತಿಯದು. ಇದರ ತಯಾರಿ ಎಂದರೆ ತೋಳು ಬೆಳೆಸುವುದು ಎಂದು ಬಹಳ ಜನ ತಿಳಿದಿದ್ದಾರೆ. ತೋಳಿನ ಲೆಕ್ಕ ಇದರಲ್ಲಿ ಕಾಲುಪಾಲೂ ಅಲ್ಲ. ಮೊದಲು ಅದನ್ನೇ ನೋಡಿ ಮುಗಿಸೋಣ.

ಮನೆಯಲ್ಲಿ ಮಜ್ಜಿಗೆ ಕಡೆಯುವುದನ್ನು ನೋಡಿದ್ದೀರಿ. ಕಡಗೋಲಿಗೆ ಹಗ್ಗ ಸುತ್ತಿ ಎಡಗೈ ಬಲಗೈ ಸರದಿಯಂತೆ ಎಳೆಯುವಾಗ, ನುರಿತ ಹೆಣ್ಣುಮಗಳ ತೋಳು ಕೆಲಸ ಮಾಡುವುದಕ್ಕಿಂತ ಹೆಚ್ಚಾಗಿ ಸೊಂಟದ ಮೇಲಿನ ಮೈಯೆಲ್ಲ ಅತ್ತಿತ್ತ ತಿರುಗುತ್ತದೆ. ಆದುದರಿಂದಲೇ ಆಕೆಗೆ ದಣಿವಿಲ್ಲ. ಹೊಸಬಳು ಬರೀ ತೋಳಿನಿಂದ ಎಳೆದು ಹತ್ತು ನಿಮಿಷಕ್ಕೆ ಸೋಲುತ್ತಾಳೆ. ಕಯಾಕಿನ ಹುಟ್ಟಿಗೂ ಇದೇ ಮರ್ಮ. ಪಾದ ಒತ್ತಿ, ಸೊಂಟ ತಿರುಗಿಸಿ, ಬೆನ್ನು ಹೊಟ್ಟೆಗಳ ದೊಡ್ಡ ಸ್ನಾಯುಗಳಿಂದ ದೋಣಿ ನೂಕಬೇಕು. ನಿಮಿಷಕ್ಕೆ ಅರವತ್ತು ಎಳೆತವೆಂದರೆ ಗಂಟೆಗೆ 3600, ಎಂಟು ಗಂಟೆಗೆ 28,800. ಒಂದೊಂದು ಎಳೆತದಲ್ಲಿಯೂ ಮಣಿಕಟ್ಟು ಕೊಂಚ ಡೊಂಕಾದರೆ ಸಂಜೆಯ ಹೊತ್ತಿಗೆ ಅದು ಬಾತು ಕೂಡುತ್ತದೆ. ಆದುದರಿಂದ ಮೊದಲ ತಿಂಗಳುಗಳಲ್ಲಿ ಎಷ್ಟು ದೂರ ಹೋದೆ ಎಂಬುದಕ್ಕಿಂತ ಎಷ್ಟು ಸರಿಯಾಗಿ ಹುಟ್ಟು ಹಾಕಿದೆ ಎಂಬುದೇ ಮುಖ್ಯ. ರೂಢಿಯಾದ ಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ದೂರ ಹೆಚ್ಚಿಸುತ್ತ, ಮೂರು ವಾರಕ್ಕೊಮ್ಮೆ ತಗ್ಗಿಸುತ್ತ ಹೋಗಬೇಕು. ಒಂದು ದಿನ ಎಂಟು ಗಂಟೆ ಹುಟ್ಟು ಹಾಕುವುದು ಅಷ್ಟು ಕಷ್ಟವಲ್ಲ. ಮರುದಿನ ನೊಂದ ಮೈಯಲ್ಲಿ ಎದ್ದು ಮತ್ತೆ ಕೂಡುವುದೇ ಪರೀಕ್ಷೆ. ಆ ಎರಡನೆಯ ದಿನಕ್ಕಾಗಿಯೇ ಅಭ್ಯಾಸ ಮಾಡಬೇಕು. ಅದೂ ಪಂದ್ಯದಲ್ಲಿ ಹೊರುವಷ್ಟೇ ಭಾರ ತುಂಬಿಕೊಂಡು. ಬರಿದೋಣಿಯ ನಡೆಯೇ ಬೇರೆ, ತುಂಬಿದ ದೋಣಿಯ ನಡೆಯೇ ಬೇರೆ.

ಇನ್ನು ಮೊದಲನೆಯ ಪ್ರಶ್ನೆ: ಮಗುಚಿದರೆ ಏನು ಮಾಡುತ್ತೀ?

"ಈಜಿ ದಡಕ್ಕೆ ಬರುತ್ತೇನೆ" ಎಂದು ಹುಡುಗ ಹೇಳಿದರೆ ಅವನು ಕಡಲಿಗೆ ಇನ್ನೂ ಸಿದ್ಧನಾಗಿಲ್ಲ ಎಂದು ತಿಳಿಯಿರಿ. ಹೊಂಡದಲ್ಲಿ ನಾಲ್ಕು ಕಡೆಗೂ ಮೆಟ್ಟಿಲುಂಟು, ಕಡಲಿನಲ್ಲಿ ಇಲ್ಲ. ಅಲ್ಲಿ ದೋಣಿಯೇ ದಡ. ಮಗುಚಿದವನು ದೋಣಿಯನ್ನೂ ಹುಟ್ಟನ್ನೂ ಬಿಡಕೂಡದು ಎಂಬುದು ಮೊದಲ ನಿಯಮ. ಗಾಳಿ ಇದ್ದರೆ ಕೈಬಿಟ್ಟ ಬರಿದೋಣಿ ಈಜುಗಾರನಿಗಿಂತ ವೇಗವಾಗಿ ತೇಲಿಹೋಗುತ್ತದೆ.

ತಲೆಕೆಳಗಾಗಿ ನೀರಿನಲ್ಲಿ ಕೂತಿರುವಾಗ ಮಾಡಬೇಕಾದುದು ಇಷ್ಟು: ಗಾಬರಿಯಾಗದೆ ಮುಂದಕ್ಕೆ ಬಾಗಬೇಕು, ನೀರುತಡೆಯ ಬಟ್ಟೆಯ ಮುಂಭಾಗದ ಕುಣಿಕೆಯನ್ನು ಹಿಡಿದು ಎಳೆಯಬೇಕು, ಎರಡು ಕೈಯಿಂದ ಅಂಚನ್ನು ಒತ್ತಿ ಹೊರಬೀಳಬೇಕು. ಹೇಳಿದಾಗ ಅರ್ಧ ನಿಮಿಷದ ಮಾತು; ಮೂಗಿಗೆ ಉಪ್ಪುನೀರು ಹೊಕ್ಕಾಗ ಕೈಗೆ ಕುಣಿಕೆಯೇ ಸಿಗುವುದಿಲ್ಲ. ಆದುದರಿಂದ ತಿಳಿದವರೊಬ್ಬರು ಪಕ್ಕದಲ್ಲಿ ನಿಂತಿರುವಾಗ, ಎದೆಮಟ್ಟದ ತಿಳಿನೀರಿನಲ್ಲಿ, ಇದನ್ನು ಹತ್ತಾರು ಸಲ ಮಾಡಬೇಕು. ಅನಂತರ ಹೊರಗಿನಿಂದ ದೋಣಿ ಹತ್ತುವುದು. ಹುಟ್ಟಿನ ಒಂದು ಅಲಗಿಗೆ ಗಾಳಿ ತುಂಬಿದ ಚೀಲ ಸಿಕ್ಕಿಸಿ, ಅದನ್ನು ದೋಣಿಗೆ ಅಡ್ಡಲಾಗಿಟ್ಟರೆ ಊರುಗೋಲಿನಂತೆ ಆಧಾರ ಸಿಗುತ್ತದೆ. ಆ ಆಧಾರದ ಮೇಲೆ ಹೊಟ್ಟೆಯೂರಿ ಹತ್ತಿ ಕೂತು, ಕೈಪಂಪಿನಿಂದ ನೀರು ಹೊರಹಾಕಬೇಕು. ಇನೂಯಿಟ್ ಬೇಟೆಗಾರರಿಗೆ ಇದಕ್ಕಿಂತ ದೊಡ್ಡ ವಿದ್ಯೆ ತಿಳಿದಿತ್ತು. ಹಿಮದ ನೀರಿನಲ್ಲಿ ಹೊರಬಿದ್ದರೆ ಸಾವೇ. ಆದುದರಿಂದ ಅವರು ದೋಣಿಯಿಂದ ಕದಲದೆ, ಹುಟ್ಟಿನ ಒಂದು ಬೀಸಿನಿಂದ ಮತ್ತು ಸೊಂಟದ ಒಂದು ತಿರುವಿನಿಂದ ಮಗುಚಿದ ದೋಣಿಯನ್ನು ಸುತ್ತಿ ಮೇಲಕ್ಕೆ ತರುತ್ತಿದ್ದರು. ಈ ಉರುಳನ್ನು ಇಂದಿನವರೂ ಕಲಿಯುತ್ತಾರೆ. ಶಾಂತವಾದ ಕೊಳದಲ್ಲಿ ಅದು ಬಂದರೆ ಸಾಲದು. ತೆರೆಯಲ್ಲಿ, ದಣಿದಾಗ, ಕತ್ತಲಲ್ಲಿ ಬಂದರೆ ಮಾತ್ರ ಬಂದಂತೆ.

ಲೈಫ್ ಜಾಕೆಟ್ಟಿನ ಬಗ್ಗೆ ಒಂದೇ ಮಾತು. ಅದನ್ನು ಮೈಮೇಲೆ ತೊಟ್ಟಿರಬೇಕು. ಬಿಸಿಲೆಂದು ಬಿಚ್ಚಿ ದೋಣಿಯ ಮೇಲೆ ಇಟ್ಟುಕೊಂಡವನಿಗೆ ಬೇಕಾದ ಹೊತ್ತಿನಲ್ಲಿ ಅದು ದಕ್ಕುವುದಿಲ್ಲ.

ಎರಡನೆಯ ಪ್ರಶ್ನೆ: ಕಡಲನ್ನು ಓದಲು ಬರುತ್ತದೆಯೆ?

ಕಯಾಕಿನಲ್ಲಿ ಕೂತವನ ಕಣ್ಣು ನೀರಿನಿಂದ ಮುಕ್ಕಾಲು ಮೀಟರು ಮೇಲಿರುತ್ತದೆ. ಭೂಮಿ ದುಂಡಾಗಿರುವುದರಿಂದ ಅವನಿಗೆ ಬಾನಂಚು ಕಾಣುವುದು ಬರೀ ಮೂರು ಕಿಲೋಮೀಟರಿನಷ್ಟು ದೂರದಲ್ಲಿ. ಕಡಲೆಲ್ಲ ಕಣ್ಣೆದುರಿಗಿದೆ ಎನ್ನಿಸಿದರೂ ನಿಜವಾಗಿ ಅವನು ಪುಟ್ಟ ತಟ್ಟೆಯೊಂದರ ನಡುವೆ ಕೂತಿದ್ದಾನೆ. ತಗ್ಗಿನ ಮರಳುದಂಡೆ ಬೇಗ ಮರೆಯಾಗುತ್ತದೆ. ಅದರ ಹಿಂದಿನ ಗುಡ್ಡದ ತಲೆ ಉಳಿಯುತ್ತದೆ. ಆದುದರಿಂದ ನಕ್ಷೆಯಲ್ಲಿ ಗುಡ್ಡ, ದೀಪಸ್ತಂಭ, ದ್ವೀಪಗಳನ್ನು ಮೊದಲೇ ಗುರುತುಹಾಕಿಕೊಂಡು ದಿಕ್ಸೂಚಿಯೊಡನೆ ಹೋಲಿಸುವ ಅಭ್ಯಾಸ ಬೇಕು. ಉಪಗ್ರಹದಿಂದ ಜಾಗ ತೋರಿಸುವ ಯಂತ್ರ ಇದ್ದೇ ಇರುತ್ತದೆ. ಬ್ಯಾಟರಿ ಮುಗಿದ ರಾತ್ರಿಗೆ ನಕ್ಷೆಯೇ ಗತಿ.

ಪಕ್ಕದಿಂದ ತಳ್ಳುವ ಪ್ರವಾಹವನ್ನು ಲೆಕ್ಕಿಸದವನು ಊರು ತಪ್ಪುತ್ತಾನೆ. ಒಂದು ಲೆಕ್ಕ ಮಾಡೋಣ. ಗಂಟೆಗೆ ಐದು ಕಿಲೋಮೀಟರಿನಂತೆ ನಾಲ್ಕು ಗಂಟೆ ಹೋದರೆ ಇಪ್ಪತ್ತು ಕಿಲೋಮೀಟರು. ಅಷ್ಟು ಹೊತ್ತೂ ನೀರು ಅವನನ್ನು ಗಂಟೆಗೆ ಒಂದು ಕಿಲೋಮೀಟರಿನಷ್ಟು ಪಕ್ಕಕ್ಕೆ ತಳ್ಳಿದರೆ, ಕೊನೆಯಲ್ಲಿ ಅವನು ಗುರಿಯಿಂದ ನಾಲ್ಕು ಕಿಲೋಮೀಟರು ಆಚೆ. ಅಂದರೆ ಅವನ ಬಾನಂಚಿನ ಹೊರಗೆ. ಹೊಳೆ ದಾಟಿಸುವ ನಮ್ಮ ಅಂಬಿಗರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು: ಎದುರು ದಡದ ಗುಡಿಗೆ ಹೋಗಬೇಕಾದರೆ ಅವರು ಹರಿವಿನ ಮೇಲ್ಭಾಗಕ್ಕೆ ಮುಖ ಮಾಡಿ ಹೊರಡುತ್ತಾರೆ.

ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿಯುಂಟು. ಚಳಿಗಾಲ ಬೇಸಗೆಗಳಲ್ಲಿ ರಾತ್ರಿಯೆಲ್ಲ ನೆಲ ತಣ್ಣಗಾಗಿ, ಮುಂಜಾನೆ ನೆಲದಿಂದ ಕಡಲಿಗೆ ಮೆಲುಗಾಳಿ ಬೀಸುತ್ತದೆ, ನೀರು ಕನ್ನಡಿಯಂತಿರುತ್ತದೆ. ನೆಲ ಕಾದ ಹಾಗೆಲ್ಲ ಗಾಳಿ ತಿರುಗಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬಲವಾಗಿ ಬೀಸುತ್ತದೆ, ಹೆಚ್ಚಾಗಿ ವಾಯವ್ಯದಿಂದ. ಉತ್ತರದಿಂದ ದಕ್ಷಿಣಕ್ಕೆ ಹೋಗುವವನಿಗೆ ಅದು ಬೆನ್ನ ಹಿಂದಿನ ಗೆಳೆಯ. ಮೇಲಕ್ಕೆ ಬರುವವನಿಗೆ ಎದುರಾಳಿ. ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ದಡ ಸೇರುವುದು ನಮ್ಮಲ್ಲಿ ಜಾಣತನ. ತೆರೆಗಳ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿನೊರೆ ಕಂಡರೆ ಗಾಳಿ ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿಗೆ ಬಂತು. ಕಡಲೆಲ್ಲ ನೊರೆಯಾದರೆ ಇಪ್ಪತ್ತು ದಾಟಿತು. ಜೂನಿನಿಂದ ಮಳೆಗಾಲದ ಕಡಲಂತೂ ಸಣ್ಣ ದೋಣಿಯದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಮ್ಮ ರಾಜ್ಯದಲ್ಲಿ ನಿಷೇಧವುಂಟು.

ಏರಿಳಿತದ ವಿಷಯಕ್ಕೆ ಬಂದರೆ ನಿಮ್ಮ ಗೋಡೆಯ ಪಂಚಾಂಗವೇ ಅರ್ಧ ಗುರು. ಕಡಲ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ನಿನ್ನೆಗಿಂತ ಇಂದು ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಕಾರವಾರದ ಕಡೆ ದೊಡ್ಡ ಭರತದಲ್ಲಿ ನೀರು ಎರಡು ಮೀಟರಿನಷ್ಟು ಏರುತ್ತದೆ. ಇದರ ಬಲ ತಿಳಿಯುವುದು ಅಳಿವೆಗಳಲ್ಲಿ. ಎಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮುಂತಾದ ಹೊಳೆಗಳು ಕಡಲು ಸೇರುವ ಬಾಯಿಗಳಲ್ಲಿ. ಇಳಿತದ ಹೊತ್ತು ಹೊಳೆಯ ನೀರು ರಭಸದಿಂದ ಹೊರಗೆ ಹರಿಯುತ್ತದೆ, ಎದುರಿನಿಂದ ಗಾಳಿಯ ತೆರೆಗಳು ಒಳಗೆ ನುಗ್ಗುತ್ತವೆ, ಕೆಳಗೆ ಮರಳಿನ ದಿಬ್ಬ. ಮೂರೂ ಕೂಡಿದಾಗ ತೆರೆಗಳು ಗೋಡೆಯಂತೆ ಎದ್ದು ಮುರಿಯುತ್ತವೆ. ಅಲ್ಲಿಯ ಮೀನುಗಾರರು ದಿನ ಬೆಳಗಾದರೆ ದಾಟುವ ಬಾಯಿ ಅದು; ಆದರೆ ಯಾವ ಗಳಿಗೆಯಲ್ಲಿ ದಾಟಬೇಕೆಂಬುದು ಅವರಿಗೆ ಗೊತ್ತು. ಹೊಸ ಅಳಿವೆಗೆ ಹೋದವನು ಮೊದಲು ದಡದಲ್ಲಿ ಕೂತು ಅವರನ್ನು ಕೇಳಬೇಕು. ಇದಕ್ಕಿಂತ ಅಗ್ಗದ ಪಾಠ ಇಲ್ಲ.

ಊಟದ ವಿಷಯದಲ್ಲಿ ನಮ್ಮ ಬಾಗಲಕೋಟೆ ಕಡೆಯವರು ಯಾರಿಂದಲೂ ಕಲಿಯಬೇಕಾದುದಿಲ್ಲ. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ, ಬೆಲ್ಲ, ಹಚ್ಚಿದ ಅವಲಕ್ಕಿ: ದೂರದ ಜಾತ್ರೆಗೆ ಕಟ್ಟಿದ ಬುತ್ತಿಯೇ ಕಡಲಿಗೂ ಒಪ್ಪುತ್ತದೆ. ಒಲೆ ಬೇಡ, ಭಾರವಿಲ್ಲ, ಒಂದು ಕೈಯಿಂದ ತಿನ್ನಬಹುದು. ತೇವ ತಾಗದಂತೆ ಗಾಳಿಯಾಡದ ಚೀಲದಲ್ಲಿಡಬೇಕು, ಗಂಟೆಗೊಮ್ಮೆ ಸ್ವಲ್ಪ ತಿನ್ನುತ್ತಿರಬೇಕು. ಹಸಿವಾದ ಮೇಲೆ ತಿನ್ನುತ್ತೇನೆ ಎಂದವನು ತಡಮಾಡಿದ. ನೀರು ಅದಕ್ಕಿಂತ ಕಠಿಣವಾದ ಲೆಕ್ಕ. ನಮ್ಮ ಬಿಸಿಲಿನಲ್ಲಿ ಹುಟ್ಟು ಹಾಕುವಾಗ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೇಕು. ದಿನಕ್ಕೆ ಐದಾರು ಲೀಟರು, ಅಂದರೆ ಐದಾರು ಕಿಲೋ ಭಾರ. ಬರೀ ನೀರು ಕುಡಿದರೂ ಸಾಲದು, ಬೆವರಿನಲ್ಲಿ ಹೋದ ಉಪ್ಪು ಮರಳಬೇಕು. ಉಪ್ಪು ಸಕ್ಕರೆಯ ಪಾನಕ ಅಥವಾ ಔಷಧದ ಅಂಗಡಿಯ ಓಆರ್‌ಎಸ್ ಪುಡಿ ಅದಕ್ಕೆ ಸಾಕು. ಕಡಲ ನೀರನ್ನು ಎಷ್ಟು ಬಾಯಾರಿದರೂ ಕುಡಿಯಕೂಡದು. ಆ ಉಪ್ಪನ್ನು ಹೊರಹಾಕಲು ಮೈಯೊಳಗಿನ ನೀರೇ ಖರ್ಚಾಗುತ್ತದೆ. ತುಂಬುತೋಳಿನ ಸಡಿಲ ಅಂಗಿ, ಕತ್ತು ಮುಚ್ಚುವ ಟೊಪ್ಪಿಗೆ, ಉಪ್ಪು ಕಟ್ಟಿ ಉಜ್ಜುವ ಕಂಕುಳ ತೊಡೆಗಳಿಗೆ ಸವರಲು ಮುಲಾಮು, ಇವೂ ಸಾಮಾನಿನ ಪಟ್ಟಿಯಲ್ಲಿರಲಿ. ಒಂದು ಬೊಬ್ಬೆ ಒಡೆದು ಪಂದ್ಯ ಬಿಟ್ಟವರುಂಟು.

ಇನ್ನು ಮೂರನೆಯ ಪ್ರಶ್ನೆ. ಯಾವಾಗ ಹಿಂದಿರುಗಿ ಬರುತ್ತೀ?

ಹುಡುಗರು ಇದಕ್ಕೆ ಪಂದ್ಯ ಮುಗಿಯುವ ತಾರೀಖನ್ನು ಹೇಳುತ್ತಾರೆ. ನಾನು ಕೇಳುವುದು ಬೇರೆ. ಎಂಥ ಸ್ಥಿತಿ ಬಂದರೆ ಪಂದ್ಯ ಬಿಟ್ಟು ದಡಕ್ಕೆ ತಿರುಗುತ್ತೀ ಎಂದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹೊನ್ನಾವರದ ಉತ್ತರಕ್ಕೆ ಒಂದು ಫೆಬ್ರವರಿಯಲ್ಲಿ ನಾವು ಇಬ್ಬರು ಹೊರಟೆವು. ಹನ್ನೊಂದು ಗಂಟೆಗೆ ನೊರೆ ಕಾಣಿಸಿತು. ಜೊತೆಯವರು ತಿರುಗೋಣ ಎಂದರು. ಮುಂದಿನ ಕೊಲ್ಲಿ ನಾಲ್ಕೇ ಕಿಲೋಮೀಟರು, ಒಂದು ಗಂಟೆಯ ಮಾತು ಎಂದು ನಾನು ಹಟ ಹಿಡಿದೆ. ಆ ನಾಲ್ಕು ಕಿಲೋಮೀಟರಿಗೆ ಎರಡೂವರೆ ಗಂಟೆಯಾದರೂ ಮುಗಿಯಲಿಲ್ಲ. ಬಲಗೈ ಮರಗಟ್ಟಿತು, ಜೊತೆಯವರು ಎರಡು ಸಲ ಮಗುಚಿದರು. ಬಲೆ ಎಳೆದು ಹಿಂದಿರುಗುತ್ತಿದ್ದ ಮೀನುಗಾರರು ನಮ್ಮನ್ನು ಕಂಡು ಹಗ್ಗ ಎಸೆದರು. ದಡದಲ್ಲಿ ಅವರಲ್ಲಿ ಹಿರಿಯರೊಬ್ಬರು ಬೈಯಲೂ ಇಲ್ಲ, "ಗಾಳಿ ಬರುವ ಹೊತ್ತು ಗೊತ್ತಿರಲಿಲ್ಲವಾ?" ಎಂದರು ಅಷ್ಟೆ. ಗೊತ್ತಿತ್ತು, ಅದೇ ನಾಚಿಕೆ. ತಿಳಿವಳಿಕೆ ಇದ್ದರೂ, ಅದನ್ನು ನಡೆಸುವ ನಿಯಮವನ್ನು ಹೊರಡುವ ಮೊದಲು ಮಾಡಿಕೊಂಡಿರಲಿಲ್ಲ.

ಇದು ಹೊಸಬರ ತಪ್ಪು ಮಾತ್ರವಲ್ಲ. ಮೇಲೆ ಹೇಳಿದ ಫ್ಲಾರಿಡಾದ ಪಂದ್ಯದಲ್ಲಿ ರೇಡಿಯೊ, ಸಂಕೇತ ಬಾಣ, ದೀಪ ಇವೆಲ್ಲ ಕಡ್ಡಾಯ. ಆದರೂ 2015ರ ಮಾರ್ಚಿನಲ್ಲಿ ಮೊದಲ ದಿನವೇ ಟ್ಯಾಂಪಾ ಕೊಲ್ಲಿಯಲ್ಲಿ ಬಿರುಗಾಳಿಗೆ ಹಲವರು ಸಿಕ್ಕಿ, ಅವರನ್ನು ನೀರಿನಿಂದೆತ್ತಿದ ಕರಾವಳಿ ರಕ್ಷಣಾ ಪಡೆ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಓಟದ ಹುಮ್ಮಸ್ಸು ಎಂಥವರ ಕಣ್ಣನ್ನೂ ಕಟ್ಟುತ್ತದೆ. ಆದುದರಿಂದ ಮನಸ್ಸು ತಣ್ಣಗಿರುವಾಗ, ನೆಲದ ಮೇಲೆ, ಕಾಗದದಲ್ಲಿ ಬರೆದಿಡಬೇಕು: ಗಾಳಿ ಇಷ್ಟಾದರೆ ಹೊರಡುವುದಿಲ್ಲ, ಮಧ್ಯಾಹ್ನ ಇಷ್ಟು ಗಂಟೆಯಾದರೆ ಎಲ್ಲಿದ್ದರೂ ದಡಕ್ಕೆ ತಿರುಗುತ್ತೇನೆ, ಎರಡು ಸಲ ಮಗುಚಿದರೆ ಅಂದಿಗೆ ಸಾಕು, ಮೈ ನಡುಗಿದರೆ, ಮಾತು ತೊದಲಿದರೆ, ಇಲ್ಲದ್ದು ಕಂಡರೆ, ನಿದ್ದೆ ಮಾಡದೆ ಮುಂದೆ ಹೋಗುವುದಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟವನಿಗೆ ನೀರಿನ ಮೇಲೆ ಊರು, ಮರ, ಮನುಷ್ಯರು ಕಾಣುವುದುಂಟು. ಅದು ದೆವ್ವವಲ್ಲ, ದಣಿದ ಮೆದುಳು.

ಸಹಾಯ ಕರೆಯುವ ದಾರಿಗಳೂ ತಿಳಿದಿರಬೇಕು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್ಲು ಅಪಾಯದ ಕರೆಗೆ ಮೀಸಲು. ಆದರೆ ನೀರಿನ ಮಟ್ಟದಿಂದ ಕೂಗಿದರೆ ಅದರ ದನಿ ಕೆಲವೇ ಕಿಲೋಮೀಟರು ಹೋಗುತ್ತದೆ. ದಡದ ಹತ್ತಿರ ಮೊಬೈಲು ಕೆಲಸ ಮಾಡುತ್ತದೆ. ನಮ್ಮ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554. ಸೀಟಿ, ಕನ್ನಡಿ, ಕಿತ್ತಳೆ ಬಣ್ಣದ ಬಟ್ಟೆ ಇವಕ್ಕೆ ಬ್ಯಾಟರಿಯೇ ಬೇಡ. ಉಪಗ್ರಹ ಫೋನನ್ನು ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾರವಾರದ ಬಳಿ ನೌಕಾನೆಲೆಯ ನೀರಿನಲ್ಲಿ ಇಷ್ಟ ಬಂದಂತೆ ಹೋಗುವಂತಿಲ್ಲ. ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ ಹೊರಡುವುದು ಲೇಸು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ತೆರೆಗಳ ಎತ್ತರವನ್ನೂ ಗಾಳಿಯನ್ನೂ ಮುಂದಾಗಿ ತಿಳಿಸುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ನಮ್ಮಲ್ಲಿ ಊಟದ ಹೊತ್ತಿಗೆ ಕಿವಿಗೆ ಬಿದ್ದೂ ಬೀಳದಂತೆ ಹೋಗುವ ಆ ರೇಡಿಯೊ ಪ್ರಕಟಣೆ ಕರಾವಳಿಯ ಮನೆಗಳಲ್ಲಿ ಬದುಕಿನ ಮಾತು.

ತಯಾರಿಗೆ ಎಷ್ಟು ಕಾಲ ಬೇಕು? ಹೊಸಬನಿಗೆ ಒಂದು ವರ್ಷಕ್ಕೆ ಕಡಿಮೆಯಾಗಬಾರದು. ಮೊದಲ ಮೂರು ತಿಂಗಳು ನಿಂತ ನೀರಿನಲ್ಲಿ ಹುಟ್ಟು ಮತ್ತು ಮಗುಚಾಟ. ರಜೆಗೆ ಊರಿಗೆ ಬಂದಾಗ ಆಲಮಟ್ಟಿಯ ಹಿನ್ನೀರಿನಂಥ ವಿಶಾಲ ಜಲಾಶಯದಲ್ಲಿ ಗಾಳಿ ತೆರೆಗಳ ಪರಿಚಯವೂ ಆದೀತು. ಆದರೆ ಜಲಾಶಯದ ಅಧಿಕಾರಿಗಳ ಅನುಮತಿ ಪಡೆದು, ಮೊಸಳೆ ಇರುವ ಜಾಗಗಳನ್ನು ಅಲ್ಲಿಯ ಮೀನುಗಾರರಿಂದ ಕೇಳಿಕೊಂಡೇ ಇಳಿಯಬೇಕು. ಮುಂದಿನ ಮೂರು ತಿಂಗಳು ದೂರದ ಅಭ್ಯಾಸ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ತಿಳಿದವರ ಜೊತೆಯಲ್ಲಿ ಕಡಲಿಗೆ. ತೆರೆ ಒಡೆಯುವಲ್ಲಿ ಇಳಿಯುವುದು ಹತ್ತುವುದು, ರಾತ್ರಿಯ ಹುಟ್ಟು, ದಂಡೆಯ ಮೇಲಿನ ಮಲಗಾಟ. ಮೂಲ್ಕಿಯಲ್ಲಿ ಶಾಂಭವಿ ನಂದಿನಿ ಹೊಳೆಗಳು ಕೂಡಿ ಕಡಲು ಸೇರುವ ಕಡೆ ತರುಣರು ತೆರೆಯಾಟ ಕಲಿಯುತ್ತಾರೆ. ಹೊಳೆ, ಅಳಿವೆ, ಕಡಲು ಮೂರೂ ಒತ್ತಟ್ಟಿಗಿರುವ ಅಂಥ ಸ್ಥಳ ಮಂಗಳೂರಿನ ವಿದ್ಯಾರ್ಥಿಗೆ ಅನುಕೂಲ. ಪಂದ್ಯಕ್ಕೆ ಮೊದಲ ಎರಡು ವಾರ ದೂರ ತಗ್ಗಿಸಿ ಮೈಗೆ ವಿಶ್ರಾಂತಿ ಕೊಡಬೇಕು. ಕೊನೆಯ ವಾರ ಹೊಸದಾಗಿ ಕೊಂಡ ಸಾಮಾನನ್ನು ದೋಣಿಗೆ ಹಾಕಬಾರದು.

ಕಡೆಯದಾಗಿ ಮನೆಯವರ ಪಾಲು. ಕಡಲಿಗೆ ಹೊರಡುವವನು ಒಂದು ಕಾಗದವನ್ನು ನೆಲದ ಮೇಲಿರುವ ಒಬ್ಬರ ಕೈಗೆ ಕೊಟ್ಟು ಹೋಗಬೇಕು. ದೋಣಿಯ ಬಣ್ಣ, ಹೊರಡುವ ಸ್ಥಳ ಮತ್ತು ಹೊತ್ತು, ಹೋಗುವ ದಾರಿ, ರಾತ್ರಿ ತಂಗುವ ಊರು, ದಡ ಸೇರಿ ಫೋನು ಮಾಡುವ ಗಂಟೆ. ಆ ಗಂಟೆ ಮೀರಿ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ತಿಳಿಸಬೇಕು, ಇಷ್ಟನ್ನೂ ಅದರಲ್ಲಿ ಬರೆದಿರಬೇಕು. ಕಾಗದ ಹಿಡಿದವರು ಗಂಟೆಗೆ ಮೊದಲು ಗಾಬರಿಯಾಗಬಾರದು, ಗಂಟೆ ಮೀರಿದ ಮೇಲೆ ಸಂಕೋಚಪಡಬಾರದು. ಈ ಕೆಲಸಕ್ಕೆ ಈಜು ಬೇಡ, ತೋಳಬಲ ಬೇಡ. ಆದರೂ ದೋಣಿಯ ಎರಡನೆಯ ಹುಟ್ಟು ಅವರ ಕೈಯಲ್ಲಿಯೇ ಇರುತ್ತದೆ.

ಮಹಾಕೂಟದ ಆ ತಾಯಿ ಮೊನ್ನೆ ಫೋನು ಮಾಡಿದ್ದರು. ಹುಡುಗ ರಜೆಗೆ ಬಂದಿದ್ದನಂತೆ. ಮೊದಲ ಪ್ರಶ್ನೆಗೆ ಸರಿಯಾಗಿ ಹೇಳಿದನಂತೆ, ಎರಡನೆಯದಕ್ಕೆ ಅರ್ಧ ಹೇಳಿದನಂತೆ, ಮೂರನೆಯದಕ್ಕೆ ಸುಮ್ಮನೆ ಕೂತನಂತೆ. ಮರುದಿನ ಬೆಳಗ್ಗೆ ತಾನಾಗಿಯೇ ಬಂದು, "ಅವ್ವಾ, ಈ ವರ್ಷ ಬ್ಯಾಡ, ಬರೂ ವರ್ಷ ನೋಡೂನು" ಎಂದನಂತೆ.

"ಬ್ಯಾಡ ಅಂತ ನಾ ಅನ್ನಲಿಲ್ರೀ, ಅವನ ಅಂದ" ಎಂದರು. "ಆದರ ಆ ಕಾಗದ ಹ್ಯಾಂಗ ಬರಸಬೇಕು ಅಂತ ಇನ್ನೊಮ್ಮೆ ಹೇಳ್ರಿ, ಬರೂ ವರ್ಷಕ್ಕ ಬೇಕಾಗತದ."